ಕಿಟ್ಟೆಲ್ಲರ ಮನೆ

ಬಸವಕಲ್ಯಾಣದಲ್ಲಿ ನಮ್ಮ ಮನೆಯ ಹತ್ತಿರ ಪಾಸ್ಟರರೊಬ್ಬರು ಇದ್ದಾರೆ. ಅವರ ಪತ್ನಿ ತೀರಿಕೊಂಡು ಎರಡು ತಿಂಗಳಾಗಿದ್ದಾಗ ಒಂದು ಸಂಜೆ ನಮ್ಮಲ್ಲಿಗೆ ಬಂದರು. ಮೇಜಿನ ಮೇಲೆ ಕಿಟ್ಟೆಲ್ಲರ ಕೋಶ ತೆರೆದಿತ್ತು. ಅದರ ಮೇಲೆ ಕೈಯಿಟ್ಟು ಕೇಳಿದರು: “ಸರ್, ಇವರ ಮನಿಯವರು ತೀರಿಕೊಂಡಾಗ ಇವರನ್ನ ನೋಡ್ಲಾಕ ಯಾರಿದ್ರು ರೀ?”

ಸಭೆಯ ಯಾವುದೋ ಪತ್ರಿಕೆಯಲ್ಲಿ ಅವರು ಆ ಸಂಗತಿಯನ್ನು ಓದಿದ್ದರಂತೆ. ವರ್ಷವರ್ಷವೂ ಎಂ.ಎ. ತರಗತಿಯಲ್ಲಿ ಕಿಟ್ಟೆಲ್ಲರ ಹೆಸರನ್ನು ಹೇಳುತ್ತ ಬಂದ ನನಗೆ ಉತ್ತರ ತಿಳಿದಿರಲಿಲ್ಲ. ಅವರು ಎದ್ದುಹೋದ ಮೇಲೆ ನನ್ನ ಟಿಪ್ಪಣಿಗಳನ್ನು ತೆಗೆದು ನೋಡಿದೆನು. ‘ಶಬ್ದಮಣಿದರ್ಪಣ’ದ ಮುದ್ರಣ 1872, ‘ಛಂದೋಂಬುಧಿ’ 1875, ಕೋಶ 1894, ವ್ಯಾಕರಣ 1903. ಇಷ್ಟೇ. ಒಬ್ಬ ಮನುಷ್ಯನ ಬಾಳನ್ನು ನಾನು ಮುದ್ರಣಾಲಯದ ದಿನಚರಿಯನ್ನಾಗಿ ಮಾಡಿಟ್ಟಿದ್ದೆ.

ಮಿಷನರಿಗಳ ಕನ್ನಡ ಕೆಲಸವನ್ನು ಕುರಿತು ನಮ್ಮಲ್ಲಿ ಬರೆದಿರುವುದು ಕಡಿಮೆಯೇನಲ್ಲ. ಶ್ರೀನಿವಾಸ ಹಾವನೂರರ ‘ಹೊಸಗನ್ನಡದ ಅರುಣೋದಯ’ (1974) ಮಹಾಶ್ರಮದ ಗ್ರಂಥ. ಅದರ ಋಣವಿಲ್ಲದೆ ಈ ವಿಷಯದಲ್ಲಿ ಒಂದು ಪುಟ ಬರೆಯುವುದೂ ಕಷ್ಟ. ನನ್ನ ಆಕ್ಷೇಪವಿರುವುದು ನಮ್ಮ ಪಠ್ಯಗಳಲ್ಲಿಯೂ ಜಯಂತಿಯ ಲೇಖನಗಳಲ್ಲಿಯೂ ಬೆಳೆದು ಬಂದಿರುವ ರೂಢಿಯ ಮೇಲೆ. ಅಲ್ಲಿ ದುಃಖದ ಮಾತು ಅಪ್ಪಿತಪ್ಪಿ ಬಂದರೆ ಅದಕ್ಕೆ ‘ತ್ಯಾಗ’ ಎಂದು ಹೆಸರಿಟ್ಟು ಮುಂದೆ ಸಾಗುತ್ತಾರೆ. ಇದು ಬಹಳ ಅನುಕೂಲವಾದ ಶಬ್ದ. ತ್ಯಾಗವೆಂದ ಕೂಡಲೆ ಆ ವ್ಯಕ್ತಿ ಪೀಠದ ಮೇಲಿನ ಪ್ರತಿಮೆಯಂತೆ ಒಂಟಿಯಾಗಿ ನಿಂತುಬಿಡುತ್ತಾನೆ. ಅವನು ಕುಸಿದಾಗ ಹಿಡಿದೆತ್ತಿದವರು ಯಾರು, ಎತ್ತದೆ ಹೋದವರು ಯಾರು ಎಂಬ ಪ್ರಶ್ನೆ ಹುಟ್ಟುವುದೇ ಇಲ್ಲ.

ಕಿಟ್ಟೆಲ್ಲರು 1853ರಲ್ಲಿ ಬಾಸೆಲ್ ಮಿಷನ್ನಿನಿಂದ ಬಂದಾಗ ಇಪ್ಪತ್ತೊಂದರ ತರುಣ. ಇಲ್ಲಿಯವರೊಡನೆ ಇಲ್ಲಿಯವನಾಗಿ ಬಾಳಬೇಕೆಂದು ಹೊರಟು ಸಂಗಡಿಗ ಮಿಷನರಿಗಳ ಅಸಮಾಧಾನಕ್ಕೆ ಗುರಿಯಾದರು. ರೈನ್‌ಹಾರ್ಡ್ ವೆಂಟ್ ಎಂಬ ಜರ್ಮನ್ ವಿದ್ವಾಂಸರು 2006ರಲ್ಲಿ ಅವರನ್ನು ಕುರಿತು ಸಂಪಾದಿಸಿದ ಗ್ರಂಥದ ಶೀರ್ಷಿಕೆಯಲ್ಲಿಯೇ ‘ಆರಂಭದ ಸೋಲು’ ಎಂಬ ಮಾತಿದೆ. ನಮ್ಮ ಲೇಖನಗಳಲ್ಲಿ ಆ ಸೋಲಿಗೆ ಸ್ಥಳವಿಲ್ಲ. 1860ರಲ್ಲಿ ಪೌಲೀನ್ ಐತ್ ಎಂಬಾಕೆಯನ್ನು ಮದುವೆಯಾದರು; 1862ರಲ್ಲಿ ‘ಕಥಾಮಾಲೆ’ ಬಂದಿತು; 1864ರಲ್ಲಿ ಪೌಲೀನ್ ತೀರಿಕೊಂಡರು. ‘ಕಥಾಮಾಲೆ’ಯ ಕಾವ್ಯಗುಣ ಸಾಧಾರಣವೆಂದು ನಾನೂ ತರಗತಿಯಲ್ಲಿ ಹೇಳಿದ್ದುಂಟು. ಈಗಲೂ ಆ ಮಾತನ್ನು ಹಿಂದಕ್ಕೆ ತೆಗೆದುಕೊಳ್ಳಲಾರೆ. ಆದರೆ ಅದು ಕಿಟ್ಟೆಲ್ಲರ ಮನೆಯಲ್ಲಿ ದೀಪವಿದ್ದ ನಾಲ್ಕು ವರ್ಷಗಳ ಪುಸ್ತಕವೆಂಬುದು ಮಾತ್ರ ನನಗೆ ಹೊಳೆದಿರಲಿಲ್ಲ.

ಪಾಸ್ಟರರ ಪ್ರಶ್ನೆಗೆ ಉತ್ತರವೂ ಅಲ್ಲಿಯೇ ಸಿಕ್ಕಿತು. ಆ ಮನೆಗೆ ಮತ್ತೆ ಬಂದು ನಿಂತವರು ಪೌಲೀನರ ಒಡಹುಟ್ಟಿದ ಜೂಲಿ; 1867ರಲ್ಲಿ ಮದುವೆಯಾಯಿತು. ಶಬ್ದಮಣಿದರ್ಪಣ ಮೊದಲಾಗಿ ನಾವು ಹೊಗಳುವ ಕೆಲಸವೆಲ್ಲ ಅದರ ಮುಂದಿನದು. ಸುಮಾರು ಎಪ್ಪತ್ತು ಸಾವಿರ ಶಬ್ದಗಳ ಕೋಶವನ್ನು ಜೂಲಿ ಬರೆಯಿಸಿದರೆಂದು ನಾನು ಹೇಳುತ್ತಿಲ್ಲ. ಮನೆಯೊಂದು ಮತ್ತೆ ನಿಂತ ಮೇಲೆ ಕೋಶ ಬಂದಿತೆಂಬ ಕ್ರಮವನ್ನಷ್ಟೇ ತೋರಿಸುತ್ತಿದ್ದೇನೆ.

ಹಾಗಾದರೆ ಮಿಷನ್ ಏನು ಮಾಡುತ್ತಿತ್ತು? ಅದು ಕೆಲಸಗಾರರನ್ನು ಕೈಬಿಟ್ಟಿತೆನ್ನುವುದು ಅನ್ಯಾಯ. ಆದರೆ ಅದರ ಆಸರೆ ನಿಯಮದ ಆಸರೆ. ಮದುವೆಗೆ ಬಾಸೆಲ್ಲಿನ ಸಮಿತಿಯ ಅಪ್ಪಣೆ ಬೇಕು. ಅದೆಷ್ಟೋ ವಧುಗಳು ಹಡಗಿನಲ್ಲಿ ಬಂದಿಳಿದ ಮೇಲೆಯೇ ವರನ ಮುಖ ನೋಡಿದರು. ಹುಟ್ಟಿದ ಮಕ್ಕಳನ್ನು ಎಳೆಯ ವಯಸ್ಸಿನಲ್ಲಿಯೇ ಯೂರೋಪಿಗೆ ಕಳುಹಿಸಬೇಕು. ಅದಕ್ಕಾಗಿ 1853ರಲ್ಲಿ ಬಾಸೆಲ್ಲಿನಲ್ಲಿ ಮಕ್ಕಳ ಮನೆಯನ್ನೇ ತೆರೆದರು. ಅಲ್ಲಿ ಊಟಕ್ಕೆ, ವಿದ್ಯೆಗೆ ಕೊರತೆಯಿರಲಿಲ್ಲ, ತಾಯಿಯಿರಲಿಲ್ಲ. ಮಲಯಾಳದ ನಿಘಂಟುಕಾರ ಗುಂಡರ್ಟರ ಮಗಳು ಮಾರಿ 1842ರಲ್ಲಿ ತಲಶೇರಿಯಲ್ಲಿ ಹುಟ್ಟಿ, ಎಳವೆಯನ್ನು ದೂರದಲ್ಲಿ ಕಳೆದು, ಮತ್ತೆ ತಂದೆತಾಯಿಗಳನ್ನು ಸೇರಿದ್ದು ಹದಿನೈದರ ಪ್ರಾಯದಲ್ಲಿ. ಆಕೆ 1870ರಲ್ಲಿ ವಿಧವೆಯಾದರು. ಮಂಗಳೂರಿನಲ್ಲಿದ್ದು ಆರೋಗ್ಯ ಕೆಟ್ಟು 1873ರಲ್ಲಿ ಮರಳಿದ ಯೋಹಾನ್ನೆಸ್ ಹೆಸ್ಸೆಯವರಿಗೆ ಕಾಲ್ವ್ ಎಂಬ ಊರಿನಲ್ಲಿ ಗುಂಡರ್ಟರ ಸಹಾಯಕರಾಗಿ ಪುಸ್ತಕ ಪ್ರಕಟಣೆಯ ಕೆಲಸ ಸಿಕ್ಕಿತು. ಅಲ್ಲಿ ಅವರಿಬ್ಬರ ಮದುವೆಯಾಯಿತು. ಮೈಯಲ್ಲಿ ಶಕ್ತಿಯಿಲ್ಲದವನಿಗೆ ಅವನಿಂದಾಗುವ ಕೆಲಸವನ್ನು ಕೊಡುವುದು, ನನ್ನ ಮಟ್ಟಿಗೆ, ಆ ಕಾಲದ ಆಸರೆಗಳಲ್ಲಿ ಅತ್ಯಂತ ವಿವೇಕದ್ದು. ಅವರ ಮಗನೇ ‘ಸಿದ್ಧಾರ್ಥ’ವನ್ನು ಬರೆದ ಹರ್ಮನ್ ಹೆಸ್ಸೆ.

ಮೋಗ್ಲಿಂಗರದು ಇನ್ನೊಂದು ಬಗೆ. ‘ಮಂಗಳೂರ ಸಮಾಚಾರ’ದ (1843) ಈ ಸಂಪಾದಕರು ಇಪ್ಪತ್ತು ವರ್ಷದ ಹತ್ತಿರ ಇಲ್ಲಿ ಒಂಟಿಯಾಗಿದ್ದವರು. ಅವರ ಒಡನಾಡಿ ವೈಗ್ಲೆ, ಕನ್ನಡ ಭಾಷೆ ಸಾಹಿತ್ಯಗಳನ್ನು ಕುರಿತು 1848ರಲ್ಲಿಯೇ ಜರ್ಮನ್ನಿನಲ್ಲಿ ಬರೆದ ವಿದ್ವಾಂಸರು, 1855ರಲ್ಲಿ ಮಡಿದರು. ಅವರ ವಿಧವೆಯನ್ನು ಮೋಗ್ಲಿಂಗರು ಮದುವೆಯಾದರು. ಆಕೆಯ ಆರೋಗ್ಯ ಕೆಟ್ಟಾಗ 1860ರಲ್ಲಿ ತಮ್ಮ ಕೊಡಗಿನ ಕೆಲಸವನ್ನು ಬಿಟ್ಟು ಹೊರಟರು, ಮತ್ತೆ ಬರಲಿಲ್ಲ. ಇದನ್ನು ನಮ್ಮವರು ‘ಸೇವೆ ನಿಂತಿತು’ ಎಂದು ಬರೆಯುತ್ತಾರೆ. ಹೆಂಡತಿಯ ಕಾಯಿಲೆಗಾಗಿ ಊರು ಬಿಟ್ಟವನ ಸೇವೆ ನಿಂತಿತೆಂದು ಯಾವ ಬಾಯಿಂದ ಹೇಳುವುದು?

ಇಲ್ಲಿ ನಮ್ಮ ಊರಿನ ಸಂಬಂಧವೊಂದುಂಟು. ಮೋಗ್ಲಿಂಗರು ಮಂಗಳೂರಿನ ಕಲ್ಲಚ್ಚಿನಲ್ಲಿ ಹೊರಡಿಸಿದ ಹಳೆಯ ಗ್ರಂಥಗಳ ಮಾಲೆಯಲ್ಲಿ ಭೀಮಕವಿಯ ‘ಬಸವಪುರಾಣ’ವೂ ಸೇರಿತ್ತು. ಅದರ ಖರ್ಚನ್ನು ಹೊತ್ತವರು ಕ್ಯಾಸಮೇಜರ್ ಎಂಬ ನಿವೃತ್ತ ನ್ಯಾಯಾಧೀಶರು. ಮುಂದೆ ಕಿಟ್ಟೆಲ್ಲರು ಕೋಶದಲ್ಲಿ ಬಸವಪುರಾಣದಿಂದ ಪ್ರಯೋಗಗಳನ್ನೆತ್ತಿ ಕೊಟ್ಟರು. ಕಲ್ಯಾಣದ ಕಥೆ ಕೋಶದ ಪುಟಗಳಿಗೆ ಬಂದ ದಾರಿಯಲ್ಲಿ ಇಂಥ ಕೈಗಳಿದ್ದವು. ದಾಸೋಹದ ಊರಿನವರಾದ ನಮಗೆ ಉಂಡವನ ಹೆಸರಿನೊಡನೆ ಬಡಿಸಿದವರ ಹೆಸರೂ ಕೇಳಿಬರಬೇಡವೆ?

ಜರ್ಮನರ ಮಾತು ಇಷ್ಟಾಯಿತು. ಇಲ್ಲಿಯೇ ಹುಟ್ಟಿದ ಕೆಲಸಗಾರರ ಗತಿ ಇನ್ನೂ ಬಿಗಿ. ಮಂಗಳೂರಿನ ಆನಂದರಾವ್ ಕೌಂಡಿನ್ಯರು 1844ರಲ್ಲಿ ಕ್ರೈಸ್ತರಾದಾಗ ಊರಿನಲ್ಲಿ ಗಲಭೆಯೆದ್ದಿತು. ಕೈಹಿಡಿದ ಹೆಂಡತಿ ಅವರೊಡನೆ ಬರಲಿಲ್ಲ. ಮೋಗ್ಲಿಂಗರು 1846ರಲ್ಲಿ ಅವರನ್ನು ಜೊತೆಗೆ ಬಾಸೆಲ್ಲಿಗೆ ಕರೆದೊಯ್ದರು. ಅವರು ಓದಿ, ದೀಕ್ಷೆ ಪಡೆದು ಮರಳಿದರು. ಈ ಕಥೆಯನ್ನು ಮತಾಂತರದ ಗೆಲುವೆಂದೋ ಅನ್ಯಾಯವೆಂದೋ ಬರೆಯುವವರು ಇದ್ದಾರೆ. ಇತ್ತ ಹುಡುಗನಿಗೆ ಮನೆ ತಪ್ಪಿತು, ಅತ್ತ ಹುಡುಗಿಗೆ ಗಂಡ ತಪ್ಪಿದನು, ಹುಡುಗನಿಗೆ ಮೋಗ್ಲಿಂಗರಿದ್ದರು. ಆ ಹುಡುಗಿಯ ಕಡೆಯಿಂದ ಒಂದು ಪುಟವನ್ನಾದರೂ ಯಾರಾದರೂ ಬರೆದಿದ್ದರೆ ನಾನು ಓದಲು ಕಾದಿದ್ದೇನೆ.

ಇದನ್ನೆಲ್ಲ ಪಾಸ್ಟರರಿಗೆ ಹೇಳಿದೆನು. ಅವರ ಮನೆಗೆ ಸಭೆಯ ಹೆಣ್ಣುಮಕ್ಕಳು ಸರದಿಯ ಮೇಲೆ ರೊಟ್ಟಿ ಕಳುಹಿಸುತ್ತಿದ್ದರು. ನಮ್ಮ ಮನೆಯಿಂದಲೂ ಒಂದೆರಡು ದಿನ ಹೋಗಿತ್ತು, ಆಮೇಲೆ ನಮಗೆ ಮರೆತುಹೋಯಿತು. ಕೇಳಿ ಮುಗಿಸಿ ಕೋಶದ ಮೊದಲ ಪುಟವನ್ನು ತಿರುವಿ ನೋಡಿದರು. ಅಲ್ಲಿದ್ದುದು ಕಿಟ್ಟೆಲ್ಲರದೊಂದೇ ಹೆಸರು.

“ಆ ತಾಯಿ ಹೆಸರು ಏನಂದ್ರಿ? ಒಂದು ಚೀಟಿ ಮ್ಯಾಲ ಬರ್ದು ಕೊಡ್ರಿ.”

ಬರೆದುಕೊಟ್ಟೆನು, ಇಬ್ಬರದೂ.