ಒಡ್ಡೋಲಗ ಮತ್ತು ಪಡಸಾಲೆ: ಕಿರುತೆರೆಯ ಕಚೇರಿಯನ್ನು ಕುರಿತು ಒಂದು ಜಾನಪದೀಯ ವಿವೇಚನೆ

ಆಡಳಿತದ ಸ್ಥಳವನ್ನು ಸೂಚಿಸುವ ಕನ್ನಡದ ಎರಡು ಮುಖ್ಯ ಪದಗಳು ಸಂಗೀತದ ಪದಗಳೂ ಆಗಿರುವುದು ಕುತೂಹಲಕರವಾಗಿದೆ. ‘ಓಲಗ’ವೆಂದರೆ ಅರಸನ ಸಭೆ, ಅವನಿಗೆ ಸಲ್ಲಿಸುವ ಸೇವೆ, ಮದುವೆಯ ಹಂದರದಲ್ಲಿ ಊದುವುದೂ ಓಲಗವೇ. ‘ಕಚೇರಿ’ಯೆಂದರೆ ತಹಸೀಲ್ದಾರರು ಕುಳಿತು ಕೆಲಸ ಮಾಡುವ ಸ್ಥಳ, ಗಾಯಕರು ನಡೆಸಿಕೊಡುವ ಕಾರ್ಯಕ್ರಮವೂ ಕಚೇರಿಯೇ. ಎರಡರಲ್ಲಿಯೂ ಒಬ್ಬರು ಎತ್ತರದಲ್ಲಿ ಕೂಡುತ್ತಾರೆ, ಉಳಿದವರು ಎದುರಿಗೆ ಕಾಯುತ್ತಾರೆ. ಅಧಿಕಾರವೆಂಬುದು ನೋಡಿಸಿಕೊಳ್ಳುವ ಸಂಗತಿ ಎಂಬ ತಿಳಿವಳಿಕೆ ಭಾಷೆಯಲ್ಲಿಯೇ ಅಡಗಿದೆ. ಕನ್ನಡದ ಕಿರುತೆರೆ ಧಾರಾವಾಹಿಗಳ ವಿಮರ್ಶೆ ಬಹುಮಟ್ಟಿಗೆ ಅವುಗಳ ಅಡುಗೆಮನೆ, ದೇವರಮನೆ, ಅತ್ತೆ-ಸೊಸೆಯರ ಸುತ್ತಲೇ ಸುತ್ತಿದೆ. ಅದೇ ಕಥೆಗಳಲ್ಲಿ ದಿನವೂ ಕಾಣುವ ಕಚೇರಿಯನ್ನು ಯಾರೂ ಅಷ್ಟಾಗಿ ಮಾತನಾಡಿಸಿದಂತಿಲ್ಲ. ಆ ಕಚೇರಿಯನ್ನು ಜನ ಕಂಡುಂಡ ಕಚೇರಿಯ ಪಕ್ಕಕ್ಕೆ ಇರಿಸಿ ನೋಡುವುದು ಇಲ್ಲಿನ ಉದ್ದೇಶ.

ಹೀಗೆ ನೋಡಲು ಬೆಂಗಳೂರಿನಿಂದ ದೂರದ ಒಂದು ನಿಲುಗಡೆ ಬೇಕು. ರಾಯಚೂರು ಜಿಲ್ಲೆಯ ಸಿಂಧನೂರು ತಾಲ್ಲೂಕಿನ ಮುಕ್ಕುಂದ ತುಂಗಭದ್ರೆಯ ದಂಡೆಯ ಊರು. ಇಂಥ ಊರಿನಲ್ಲಿ ‘ಆಫೀಸಿಗೆ ಹೋಗಿದ್ದೆ’ ಎಂದರೆ ಕೆಲಸ ಮಾಡಲು ಹೋದದ್ದು ಎಂದು ಯಾರೂ ಅರ್ಥ ಮಾಡುವುದಿಲ್ಲ. ಕೆಲಸ ಮಾಡಿಸಿಕೊಳ್ಳಲು ಹೋದದ್ದು ಎಂದೇ ತಿಳಿಯುತ್ತಾರೆ. ಪಹಣಿ, ವಾರಸಾ, ಬೆಳೆಸಾಲ, ಪಿಂಚಣಿ, ಜಾತಿ ಪ್ರಮಾಣಪತ್ರ, ಕಾಲುವೆಯ ನೀರು ಇವುಗಳಲ್ಲಿ ಯಾವುದಾದರೊಂದು ಆ ಹೋಗುವಿಕೆಯ ಹಿಂದೆ ಇರುತ್ತದೆ. ಹೊಲ, ಗದ್ದೆ, ಕಣಗಳೇ ಇಲ್ಲಿ ಬಹುತೇಕರ ಕೆಲಸದ ಸ್ಥಳಗಳು. ಕಚೇರಿ ಬೇರೆಯವರ ಕೆಲಸದ ಸ್ಥಳ. ಅದರ ಹೊರಗಿನ ಕಟ್ಟೆ ಮಾತ್ರ ತಮ್ಮದು. ಒಂದೇ ಕೋಣೆಯನ್ನು ಒಳಗಿನಿಂದ ನೋಡುವವರಿಗೂ ಹೊರಗಿನಿಂದ ನೋಡುವವರಿಗೂ ಇರುವ ಈ ಅಂತರವನ್ನು ಮರೆತರೆ ‘ಕಚೇರಿಯ ಬದುಕು’ ಎಂಬ ಮಾತಿಗೆ ಅರ್ಧ ಅರ್ಥವಷ್ಟೇ ಉಳಿಯುತ್ತದೆ.

ಈ ಜಿಲ್ಲೆಗೂ ದೂರದರ್ಶನಕ್ಕೂ ಇರುವ ನಂಟು ಹಳೆಯದು. 1975ರ ಆಗಸ್ಟ್‌ನಿಂದ 1976ರ ಜುಲೈವರೆಗೆ ಉಪಗ್ರಹದ ಮೂಲಕ ಆರು ರಾಜ್ಯಗಳ ಸುಮಾರು 2,400 ಹಳ್ಳಿಗಳಿಗೆ ಶೈಕ್ಷಣಿಕ ಕಾರ್ಯಕ್ರಮಗಳನ್ನು ತಲುಪಿಸಿದ ‘ಸೈಟ್’ ಪ್ರಯೋಗದಲ್ಲಿ ಕರ್ನಾಟಕದ ಪಾಲಿಗೆ ಬಂದವು ರಾಯಚೂರು, ಗುಲಬರ್ಗಾ, ಬಿಜಾಪುರ ಜಿಲ್ಲೆಗಳು. ಬೆಂಗಳೂರಿನಲ್ಲಿ ದೂರದರ್ಶನ ಕೇಂದ್ರ ಆರಂಭವಾಗುವ ಮೊದಲೇ ಈ ಭಾಗದ ಆಯ್ದ ಹಳ್ಳಿಗಳ ಜನ ದೂರದರ್ಶನವನ್ನು ಕಂಡಿದ್ದರು. ಸಮುದಾಯ ವೀಕ್ಷಣೆಗೆಂದು ಕೊಟ್ಟ ಪೆಟ್ಟಿಗೆಗಳನ್ನು ಶಾಲೆ, ಪಂಚಾಯಿತಿಗಳಂಥ ಸಾರ್ವಜನಿಕ ಕಟ್ಟಡಗಳಲ್ಲಿ ಇಡಲಾಗಿತ್ತು. ಹಾಗಾಗಿ ದೂರದರ್ಶನ ಇಲ್ಲಿ ಮೊದಲು ಬಂದದ್ದು ಸರಕಾರದ ವಸ್ತುವಾಗಿ, ಸರಕಾರದ ಜಾಗಕ್ಕೆ. ಖಾಸಗಿ ವಾಹಿನಿಗಳು ಬಂದ ಮೇಲೆ ಪೆಟ್ಟಿಗೆ ಮನೆಯೊಳಗೆ ಸೇರಿತು. 1994ರಲ್ಲಿ ಉದಯ, 2000ದಲ್ಲಿ ಈಟಿವಿ ಕನ್ನಡ, 2006ರಲ್ಲಿ ಜೀ ಕನ್ನಡ ಹೀಗೆ. ಆಮೇಲೆ ಕಚೇರಿಯೂ ಪೆಟ್ಟಿಗೆಯೊಳಗಿನ ಒಂದು ದೃಶ್ಯವಾಗಿ ಮನೆಗೆ ಬರತೊಡಗಿತು.

ವಾಸ್ತವದ ಕಚೇರಿಯ ಚರಿತ್ರೆಯನ್ನು ಈ ಭಾಗದಲ್ಲಿ ಭಾಷೆಯ ಚರಿತ್ರೆಯಾಗಿಯೂ ಓದಬಹುದು. 1948ರ ಸೆಪ್ಟೆಂಬರ್‌ವರೆಗೆ ರಾಯಚೂರು ನಿಜಾಮರ ಹೈದರಾಬಾದ್ ಸಂಸ್ಥಾನದ ಜಿಲ್ಲೆಯಾಗಿತ್ತು. ದಫ್ತರದ ಭಾಷೆ ಉರ್ದುವಾಗಿತ್ತು. ಮನೆಯಲ್ಲಿ ಕನ್ನಡವನ್ನಾಡುವ ರೈತ ತನ್ನದೇ ಹೊಲದ ಕಾಗದವನ್ನು ಓದಿಸಿಕೊಳ್ಳಲು ಇನ್ನೊಬ್ಬನನ್ನು ಹುಡುಕಬೇಕಿತ್ತು. 1956ರ ಏಕೀಕರಣ, 1963ರ ರಾಜ್ಯಭಾಷಾ ಕಾಯಿದೆಗಳ ತರುವಾಯ ಕಡತಗಳು ಕನ್ನಡಕ್ಕೆ ತಿರುಗಿದವು. ಆದರೂ ಅರ್ಜಿ, ದರಖಾಸ್ತು, ಜಮಾಬಂದಿ, ಮುಚ್ಚಳಿಕೆ, ರುಜುವಾತು ಎಂಬ ಮಾತುಗಳು ಹಾಗೆಯೇ ಉಳಿದವು. ಅವನ್ನು ಜನ ತಮ್ಮವೇ ಮಾಡಿಕೊಂಡರು. 2000ದ ನಂತರ ‘ಭೂಮಿ’ ಯೋಜನೆಯಲ್ಲಿ ಪಹಣಿ ಗಣಕಯಂತ್ರಕ್ಕೆ ಏರಿತು. ಕೈಬರಹದ ಪಹಣಿಯನ್ನು ಓದಲಾರದವನಿಗೆ ಮುದ್ರಿತ ಪಹಣಿಯೂ ಓದಲಾಗದ್ದೇ. ಅವನ ಪಾಲಿಗೆ ಬದಲಾದದ್ದು ಕಾಯುವ ಜಾಗ: ಶಾನುಭೋಗರ ಜಗುಲಿಯಿಂದ ಕಿಂಡಿಯ ಮುಂದಿನ ಸಾಲಿಗೆ.

ಜಗುಲಿಯ ಮಾತು ಬಂದುದರಿಂದ ಕಟ್ಟಡದ ಬಗ್ಗೆ ಸ್ವಲ್ಪ ಹೇಳಬೇಕು. ಹಳೆಯ ಗ್ರಾಮಾಡಳಿತಕ್ಕೆ ಪ್ರತ್ಯೇಕ ಕಟ್ಟಡವಿರಲಿಲ್ಲ. ಗೌಡರ ವಾಡೆಯ ಪಡಸಾಲೆಯೇ ಚಾವಡಿ. ಅರಿವೆಯಲ್ಲಿ ಕಟ್ಟಿದ ಕಾಗದದ ಗಂಟೇ ದಫ್ತರ. ವಾಡೆಯ ರಚನೆಯಲ್ಲಿ ಯಾರು ಎಲ್ಲಿಯವರೆಗೆ ಬರಬಹುದು ಎಂಬುದು ಮೊದಲೇ ನಿಶ್ಚಿತವಾಗಿತ್ತು. ಕೆಲವರು ಪಡಸಾಲೆಯ ಮೇಲೆ, ಕೆಲವರು ಅಂಗಳದಲ್ಲಿ, ಇನ್ನು ಕೆಲವರು ಅಗಸಿ ಬಾಗಿಲ ಆಚೆ. ಈ ಮೆಟ್ಟಿಲುಗಳು ಜಾತಿಯ ಮೆಟ್ಟಿಲುಗಳೂ ಆಗಿದ್ದವು. 1961ರ ಗ್ರಾಮಾಧಿಕಾರ ರದ್ದಿಯಾತಿ ಕಾಯಿದೆ ವಂಶಪಾರಂಪರ್ಯದ ಅಧಿಕಾರವನ್ನು ತೆಗೆಯಿತು. ಪಡಸಾಲೆಯನ್ನು ತೆಗೆಯಲು ಯಾವ ಕಾಯಿದೆಯಿಂದ ಸಾಧ್ಯ? ಇಂದಿನ ಕಚೇರಿಯ ಹೊರಗಿನ ಬೆಂಚು, ಬಾಗಿಲ ಪರದೆ, ಬಾಗಿಲಲ್ಲಿ ನಿಂತ ಜವಾನ ಇವೆಲ್ಲ ಅದೇ ಮೆಟ್ಟಿಲುಗಳ ಹೊಸ ರೂಪಗಳು. ‘ಸಾಹೇಬ್ರು ಅದಾರೇನ್ರಿ?’ ಎಂಬ ಪ್ರಶ್ನೆಯನ್ನು ಪಿಸುಮಾತಿನಲ್ಲಿಯೇ ಕೇಳಲಾಗುತ್ತದೆ. ‘ಮೀಟಿಂಗಿಗೆ ಹೋಗ್ಯಾರ, ನಾಳಿ ಬರ್ರಿ’ ಎಂಬ ಉತ್ತರಕ್ಕೆ ಒಂದು ದಿನದ ಕೂಲಿ, ಬಸ್ಸಿನ ಖರ್ಚು ಹೋಗಿರುತ್ತವೆ. ನಾಟಿಯ ದಿನಗಳಲ್ಲಾದರೆ ಆ ಒಂದು ದಿನದ ಬೆಲೆ ಇನ್ನೂ ಹೆಚ್ಚು.

ಈಗ ಧಾರಾವಾಹಿಯ ಕಚೇರಿಯನ್ನು ನೋಡಬಹುದು. 2019ರಲ್ಲಿ ಜೀ ಕನ್ನಡದಲ್ಲಿ ಆರಂಭವಾದ, ಆರೂರು ಜಗದೀಶ್ ನಿರ್ದೇಶನದ ‘ಜೊತೆಜೊತೆಯಲಿ’ ಒಳ್ಳೆಯ ಉದಾಹರಣೆ. ಮರಾಠಿಯ ‘ತುಲಾ ಪಾಹತೆ ರೇ’ಯನ್ನು ಆಧರಿಸಿದ ಈ ಕಥೆಯಲ್ಲಿ ನಡುವಯಸ್ಸಿನ ಉದ್ಯಮಿ ಆರ್ಯವರ್ಧನ್ ಹಾಗೂ ಮಧ್ಯಮವರ್ಗದ ತರುಣಿ ಅನು ಸಿರಿಮನೆಯ ಪ್ರೇಮ ಬೆಳೆಯುವುದು ಕಚೇರಿಯ ನೆರಳಿನಲ್ಲಿ. ಗಾಜಿನ ಗೋಡೆ, ದೊಡ್ಡ ಮೇಜು, ಸೂಟು ಧರಿಸಿದ ಒಡೆಯನ ಪ್ರವೇಶ, ಎದ್ದು ನಿಲ್ಲುವ ನೌಕರರು. ಅವನ ಪ್ರವೇಶಕ್ಕೆ ನಿಧಾನಗತಿಯ ನಡಿಗೆ, ಹಿನ್ನೆಲೆ ಸಂಗೀತ. ಆದರೆ ಆ ಸಂಸ್ಥೆಯಲ್ಲಿ ಯಾವ ಕೆಲಸ ಹೇಗೆ ನಡೆಯುತ್ತದೆ, ಯಾರಿಗೆ ಎಷ್ಟು ಸಂಬಳ, ಸಂಜೆ ಎಷ್ಟು ಹೊತ್ತಿಗೆ ಮನೆಗೆ ಹೋಗಬಹುದು ಎಂಬುದರ ಮೇಲೆ ಕಥೆಯ ಕಣ್ಣಿಲ್ಲ. ಇದನ್ನು ‘ಅವಾಸ್ತವ’ ಎಂದು ಜರೆದು ಮುಗಿಸುವುದು ಸುಲಭ. ಜಾನಪದದ ವಿದ್ಯಾರ್ಥಿಗೆ ಈ ದೃಶ್ಯ ಅಪರಿಚಿತವಲ್ಲ. ಇದು ಬಯಲಾಟದ ಒಡ್ಡೋಲಗ.

ಬಳ್ಳಾರಿ, ರಾಯಚೂರು, ಕೊಪ್ಪಳ ಭಾಗದ ದೊಡ್ಡಾಟದಲ್ಲಿ ಅರಸ ರಂಗಕ್ಕೆ ಬರುವುದೇ ಒಂದು ಘಟನೆ. ಹಿಮ್ಮೇಳದ ಅಬ್ಬರ, ಭುಜಕೀರ್ತಿ, ಕಿರೀಟಗಳ ಝಗಮಗ, ಹೆಜ್ಜೆ ಹಾಕುತ್ತ ಬಂದು ಕುರ್ಚಿಯನ್ನು ಸಿಂಹಾಸನವಾಗಿಸುವ ಬಗೆ, ಇವುಗಳ ಮುಂದೆ ರಾಜ್ಯಭಾರದ ವಿವರ ಯಾರಿಗೂ ಬೇಕಾಗುವುದಿಲ್ಲ. ಧಾರಾವಾಹಿಯ ಒಡೆಯನ ಪ್ರವೇಶ ಈ ವ್ಯಾಕರಣದಲ್ಲಿಯೇ ಇದೆ. ಬಡ ಹುಡುಗಿ ಅರಮನೆ ಸೇರುವ ಕಥೆಯೂ ಹಳೆಯದೇ, ಮುಂದೆ ಬರುವ ಪುನರ್ಜನ್ಮದ ಆಶಯವೂ ಹಳೆಯದೇ. ಆದ್ದರಿಂದ ಧಾರಾವಾಹಿ ಜಾನಪದವನ್ನು ಬಿಟ್ಟಿದೆ ಎಂಬ ದೂರಿನಲ್ಲಿ ಹುರುಳಿಲ್ಲ. ಅದು ಜಾನಪದದಿಂದ ಏನನ್ನು ತೆಗೆದುಕೊಂಡು ಏನನ್ನು ಕೈಬಿಟ್ಟಿದೆ ಎಂದು ಕೇಳಬೇಕಾಗಿದೆ.

ಕೈಬಿಟ್ಟಿರುವುದು ಸಾರಥಿಯನ್ನು. ದೊಡ್ಡಾಟದಲ್ಲಿ ಅರಸ ಬಂದೊಡನೆ ಕಥೆ ಮುಂದುವರಿಯುವುದಿಲ್ಲ. ಸಾರಥಿ ಎದುರಿಗೆ ನಿಂತು ಮಾತನಾಡಿಸುತ್ತಾನೆ: ತಾವು ಯಾರು, ಯಾವ ಪಟ್ಟಣದ ದೊರೆ, ಈ ಸಭೆಗೆ ಬಂದ ಕಾರಣವೇನು. ವಿನಯದ ಭಾಷೆಯಲ್ಲಿಯೇ ಕೇಳಿದರೂ ಅದು ವಿಚಾರಣೆ. ಎಂಥ ಚಕ್ರವರ್ತಿಯಾದರೂ ಉತ್ತರ ಕೊಡದೆ ಮುಂದಕ್ಕೆ ಹೋಗುವಂತಿಲ್ಲ. ಅರಸ ಬಿಗುಮಾನದಿಂದ ಹೇಳಿದ್ದನ್ನು ಸಾರಥಿ ಆಡುಮಾತಿನಲ್ಲಿ ತಿರುಗಿಸಿ ಹೇಳಿ ನಗಿಸುವುದೂ ಉಂಟು. ಹಗಲು ಗದ್ದೆಯಲ್ಲಿ ದುಡಿದು ರಾತ್ರಿ ಕಿರೀಟ ಧರಿಸಿದವನನ್ನು ಅವನ ಜೊತೆಯಲ್ಲಿಯೇ ದುಡಿದವನು ಹೀಗೆ ಪ್ರಶ್ನಿಸುವಾಗ ಕೂತು ನೋಡುವ ಜನಕ್ಕೆ ಸಿಗುವ ಸಮಾಧಾನ ಕಥೆಯಿಂದ ಸಿಗುವುದಕ್ಕಿಂತ ಬೇರೆಯಾದದ್ದು. ‘ಜೊತೆಜೊತೆಯಲಿ’ಯ ಒಡೆಯನ ಪಕ್ಕದಲ್ಲಿ ಝೇಂಡೆ ಎಂಬ ಆಪ್ತನಿದ್ದಾನೆ. ಅವನು ಗುಟ್ಟುಗಳನ್ನು ಬಲ್ಲವನು, ಕಾಯುವವನು. ಸಭೆಯ ಪರವಾಗಿ ಪ್ರಶ್ನಿಸುವವನಲ್ಲ. ಒಡ್ಡೋಲಗ ಉಳಿದು ಸಾರಥಿ ಹೋದರೆ ಉಳಿಯುವುದು ಬರೀ ದರ್ಶನ.

ಕೆಲಸವನ್ನು ಕುರಿತೂ ಜನಪದ ಕಥೆ ಧಾರಾವಾಹಿಗಿಂತ ಎಚ್ಚರದಿಂದ ಇರುತ್ತದೆ. ಎ.ಕೆ. ರಾಮಾನುಜನ್ ಸಂಗ್ರಹಿಸಿದ, ಗಿರೀಶ ಕಾರ್ನಾಡರ ‘ಚೆಲುವಿ’ ಚಿತ್ರಕ್ಕೂ ಆಧಾರವಾದ ಹೂಗಿಡವಾಗುವ ಹುಡುಗಿಯ ಕಥೆಯಲ್ಲಿ ಅವಳು ಗಿಡವಾಗುವುದು ದುಡಿದು ಬಳಲಿದ ತಾಯಿಗೆ ನೆರವಾಗಲೆಂದು. ಗಿಡವಾಗಲು ಒಂದು ಕೊಡ ನೀರು, ಮರಳಿ ಹೆಣ್ಣಾಗಲು ಇನ್ನೊಂದು. ಹೂವನ್ನು ನಾಜೂಕಾಗಿ ಕೀಳಬೇಕು, ಒಯ್ದು ಮಾರಬೇಕು. ಆಮೇಲಷ್ಟೇ ಅರಮನೆ. ಅದ್ಭುತದ ಕಥೆಗೂ ಈ ಲೆಕ್ಕ ಬೇಕಾಗಿದೆ. ಅರ್ಧ ಗಂಟೆಯ ಕಂತನ್ನು ದಿನವೂ ತುಂಬಬೇಕಾದ, ಕೆಲವೇ ಕೋಣೆಗಳಲ್ಲಿ ಚಿತ್ರೀಕರಣ ಮುಗಿಸಬೇಕಾದ ಧಾರಾವಾಹಿಗೆ ಅಷ್ಟು ತಾಳ್ಮೆ ಇರಲಾರದು ಎಂಬ ಸಮಾಧಾನವನ್ನು ಒಪ್ಪಬಹುದು. ಒಡೆಯನ ನಡಿಗೆಗೆ ಮೀಸಲಾದ ನಿಮಿಷಗಳನ್ನು ಎಣಿಸಿದವರು ಪೂರ್ತಿ ಒಪ್ಪಲಾರರು.

ಹೊಸ ಕಾಲದ ಕಚೇರಿಯನ್ನು ಜನಪದರು ಕಂಡೇ ಇಲ್ಲವೆಂದೂ ಅಲ್ಲ. ಬಾಗಲಕೋಟೆ ಭಾಗದ ಕಡ್ಲಿಮಟ್ಟಿ ರೈಲು ನಿಲ್ದಾಣದ ಮಾಸ್ತರನಿಂದ ಕಾಶೀಬಾಯಿ ಎಂಬ ಹೆಣ್ಣಿಗಾದ ದೌರ್ಜನ್ಯದ ಕಥೆ ಉತ್ತರ ಕರ್ನಾಟಕದಲ್ಲಿ ಹಾಡಾಗಿ, ಆಟವಾಗಿ ಹರಿದಾಡಿದೆ. ಸರಕಾರ ಒಬ್ಬನ ಕೈಗೆ ಕೊಟ್ಟ ಕೋಣೆ, ಅವನ ಹುದ್ದೆ, ನಂಬಿ ಬಂದ ಪ್ರಯಾಣಿಕಳು. ಕಚೇರಿಯ ಅಧಿಕಾರ ಯಾವ ರೂಪ ತಾಳಬಲ್ಲದು ಎಂಬುದನ್ನು ಆ ಹಾಡುಗಾರರು ಯಾವ ಸಿದ್ಧಾಂತದ ನೆರವೂ ಇಲ್ಲದೆ ಹಿಡಿದಿದ್ದಾರೆ. ಶಿಷ್ಟ ಸಾಹಿತ್ಯದಲ್ಲಿ ಇದಕ್ಕೆ ಸಾಟಿಯಾಗಿ ನಿಲ್ಲುವುದು ಪೂರ್ಣಚಂದ್ರ ತೇಜಸ್ವಿಯವರ ‘ತಬರನ ಕಥೆ’. ಗಿರೀಶ ಕಾಸರವಳ್ಳಿಯವರ ನಿರ್ದೇಶನದಲ್ಲಿ ಚಿತ್ರವಾಗಿ 1986ನೆಯ ಸಾಲಿನ ಅತ್ಯುತ್ತಮ ಚಿತ್ರವೆಂಬ ರಾಷ್ಟ್ರಪ್ರಶಸ್ತಿಯನ್ನು ಪಡೆದ ಈ ಕೃತಿಯ ವಿಶೇಷವೆಂದರೆ, ತಬರ ಬಾಗಿಲ ಎರಡೂ ಬದಿಯವನು. ಬದುಕಿಡೀ ಕಚೇರಿಯ ಜವಾನನಾಗಿ ದುಡಿದವನು ನಿವೃತ್ತಿ ವೇತನಕ್ಕಾಗಿ ಅದೇ ಕಚೇರಿಗಳ ಕಟ್ಟೆಗೆ ಬಂದು ಬೀಳುತ್ತಾನೆ. ಹೆಂಡತಿಯ ಕಾಲು ಕೊಳೆಯುವ ವೇಗ, ಕಡತ ಸಾಗುವ ವೇಗ ಇವೆರಡರ ನಡುವಿನ ಅಂತರವೇ ಆ ಕಥೆ.

ಕಿರುತೆರೆಯಲ್ಲಿ ಕಟ್ಟೆಯ ಕಡೆಯಿಂದ ಕಚೇರಿಯನ್ನು ನೋಡಿದ ಅಪರೂಪದ ಪ್ರಯತ್ನ ಹಿಂದಿಯದು. 2001ರಲ್ಲಿ ಸಬ್ ಟಿವಿಯಲ್ಲಿ ಆರಂಭವಾದ ‘ಆಫೀಸ್ ಆಫೀಸ್’ನಲ್ಲಿ ಪಂಕಜ್ ಕಪೂರ್ ಅಭಿನಯಿಸಿದ ಮುಸದ್ದಿಲಾಲ್ ಪ್ರತಿ ಕಂತಿನಲ್ಲಿಯೂ ಬೇರೆ ಬೇರೆ ಕಚೇರಿಗೆ ಹೋಗುತ್ತಾನೆ, ಎಲ್ಲೆಡೆ ಅದೇ ನೌಕರರು, ಅದೇ ಚಟಗಳು. ಇದು ಜನಪದ ಕಥನದ ಪುನರಾವರ್ತನೆಯ ಸೂತ್ರ. ಕಚೇರಿ ಬದಲಾದರೂ ಅನುಭವ ಬದಲಾಗದು ಎಂದು ಹೇಳಲು ಇದಕ್ಕಿಂತ ಮಿತವ್ಯಯದ ಉಪಾಯ ಇರಲಾರದು. 2020ರಿಂದ ಬಂದ ಹಿಂದಿ ಸರಣಿ ‘ಪಂಚಾಯತ್’ನಲ್ಲಿ ಫುಲೇರಾ ಎಂಬ ಊರಿನ ಪಂಚಾಯಿತಿ ಕಚೇರಿಯಲ್ಲಿಯೇ ಕಾರ್ಯದರ್ಶಿ ವಾಸಿಸುತ್ತಾನೆ, ವಾಡೆಯಲ್ಲಿ ಮನೆ ಕಚೇರಿಯಾಗಿದ್ದರೆ ಇಲ್ಲಿ ಕಚೇರಿ ಮನೆಯಾಗಿದೆ. ಚುನಾಯಿತ ಪ್ರಧಾನೆಯ ಬದಲು ಅವಳ ಗಂಡನೇ ಕಾರುಬಾರು ನಡೆಸುವ ಸನ್ನಿವೇಶ, ಪಂಚಾಯಿತಿಗಳಲ್ಲಿ ಮಹಿಳೆಯರಿಗೆ ಅರ್ಧ ಸ್ಥಾನಗಳನ್ನು ಮೀಸಲಿಟ್ಟ ಕರ್ನಾಟಕದ ನೋಡುಗರಿಗೂ ಹೊಸತಲ್ಲ. ಸರಣಿ ಸೊಗಸಾಗಿದೆ. ಆದರೂ ಅದರ ಕ್ಯಾಮೆರಾ ನಗರದಿಂದ ಬಂದ ಕಾರ್ಯದರ್ಶಿಯ ಭುಜದ ಮೇಲಿದೆ. ಅರ್ಜಿ ಹಿಡಿದು ಬರುವವರು ಅವನ ಬೇಸರಕ್ಕೋ ಮನಃಪರಿವರ್ತನೆಗೋ ನಿಮಿತ್ತವಾಗುತ್ತಾರೆ.

ಕನ್ನಡ ಧಾರಾವಾಹಿಯಲ್ಲಿ ಸಾರಥಿ ಒಂದೆಡೆ ಮಾತ್ರ ಉಳಿದುಕೊಂಡಂತಿದೆ: ಟಿ.ಎನ್. ಸೀತಾರಾಮ್ ಅವರ ನ್ಯಾಯಾಲಯದಲ್ಲಿ. 1998ರ ‘ಮಾಯಾಮೃಗ’ದ ನಂತರ ಬಂದ ಅವರ ಧಾರಾವಾಹಿಗಳಲ್ಲಿ ಸಿ.ಎಸ್.ಪಿ. ಎಂಬ ವಕೀಲನ ಪಾತ್ರವನ್ನು ಅವರೇ ವಹಿಸಿದರು. ಅಲ್ಲಿ ದೊಡ್ಡವರನ್ನು ಕಟಕಟೆಯಲ್ಲಿ ನಿಲ್ಲಿಸಿ ಕೇಳಲಾಗುತ್ತದೆ, ದಾಖಲೆಯನ್ನು ಓದಲಾಗುತ್ತದೆ, ಉತ್ತರ ಬರುವವರೆಗೆ ಕಥೆ ನಿಲ್ಲುತ್ತದೆ. ‘ಪಾಟೀಸವಾಲು’ ಎಂಬ ಮಾತಿನ ‘ಸವಾಲು’, ಉತ್ತರ ಕರ್ನಾಟಕದ ಲಾವಣಿಕಾರರ, ಹರದೇಶಿ-ನಾಗೇಶಿ ಮೇಳಗಳ ಸವಾಲು-ಜವಾಬಿನ ‘ಸವಾಲು’ ಒಂದೇ. ನಗರದ ಮಧ್ಯಮವರ್ಗದ ಕಥೆಗಳೆಂದು ಕರೆಯಲಾದ ಈ ಧಾರಾವಾಹಿಗಳ ನ್ಯಾಯಾಲಯದ ದೃಶ್ಯಗಳಿಗೆ ಸಿಕ್ಕ ಜನಪ್ರಿಯತೆಯ ಒಂದು ಬೇರು ಇಲ್ಲಿರಬಹುದು. ಆ ನ್ಯಾಯಾಲಯದಲ್ಲಿಯೂ ವಾಯಿದೆಯ ಮೇಲೆ ವಾಯಿದೆ ಪಡೆದು ಸೋತವರ ಕಟ್ಟೆ ಕಾಣುವುದು ಕಡಿಮೆ ಎಂಬುದನ್ನೂ ಹೇಳಬೇಕಾಗುತ್ತದೆ.

ದಣಿದು ಬಂದವರು ಸಂಜೆ ಮತ್ತೆ ಕಚೇರಿಯ ಕಟ್ಟೆಯನ್ನೇ ಏಕೆ ನೋಡಬೇಕು, ಗಾಜಿನ ಅರಮನೆಯನ್ನು ನೋಡಿ ಹಗುರಾಗಬಾರದೇ ಎಂಬ ಆಕ್ಷೇಪ ನ್ಯಾಯವಾದದ್ದು. ದೊಡ್ಡಾಟವೂ ದಣಿದವರಿಗಾಗಿಯೇ ಇತ್ತು, ಅದೂ ಅರಮನೆಯನ್ನೇ ತೋರಿಸಿತು. ಇರುಳಿಡೀ ನಡೆದ ಆ ಆಟದಲ್ಲಿ ಪ್ರಶ್ನೆಗೆ ಜಾಗವಿತ್ತು, ಅಷ್ಟೇ. ಇತ್ತ ವಾಸ್ತವದ ಕೆಲಸದ ಸ್ಥಳಕ್ಕೆ ಕ್ಯಾಮೆರಾ ಬೇರೊಂದು ರೀತಿಯಲ್ಲಿ ಬಂದಿದೆ. ಉದ್ಯೋಗ ಖಾತರಿಯ ಕಾಮಗಾರಿಗಳಲ್ಲಿ 2023ರ ಜನವರಿಯಿಂದ ದಿನಕ್ಕೆ ಎರಡು ಬಾರಿ ಕೂಲಿಕಾರರ ಭಾವಚಿತ್ರ ತೆಗೆದು ಮೊಬೈಲ್ ತಂತ್ರಾಂಶದ ಮೂಲಕ ಹಾಜರಾತಿ ಕಳಿಸುವುದನ್ನು ಕಡ್ಡಾಯ ಮಾಡಲಾಯಿತು. 2006ರಲ್ಲಿ ಯೋಜನೆಯ ಮೊದಲ ಹಂತದಲ್ಲಿಯೇ ಸೇರಿದ್ದ ರಾಯಚೂರು ಜಿಲ್ಲೆಯಲ್ಲಿಯೂ ಸಲಿಕೆ, ಬುಟ್ಟಿಗಳನ್ನು ಬದಿಗಿಟ್ಟು ಹೆಂಗಸರು ಕಾಯಕಬಂಧುವಿನ ಮೊಬೈಲಿನೆದುರು ಸಾಲಾಗಿ ನಿಲ್ಲಬೇಕಾಯಿತು; ಚಿತ್ರ ಸೇರದಿದ್ದರೆ ಆ ದಿನದ ಕೂಲಿಗೆ ಸಂಚಕಾರ. ಆ ಚಿತ್ರಗಳನ್ನು ನೋಡುವವರು ಯಾವ ಕಚೇರಿಯಲ್ಲಿ ಕೂತಿದ್ದಾರೆಂಬುದು ನಿಂತವರಿಗೆ ಕಾಣುತ್ತಿರಲಿಲ್ಲ, ಅವರ ಎದುರು ನಿಂತು ‘ತಾವು ಯಾರು’ ಎಂದು ಕೇಳಲು ಅಲ್ಲಿ ಸಾರಥಿಯೂ ಇರಲಿಲ್ಲ.