ಜೇಡನ ಗುಮ್ಮಟವೂ ನಮ್ಮ ಮೆಚ್ಚುಗೆಯೂ

ಬಹುಮಾನ ಪಡೆದ ಕೃತಿಯನ್ನು ಹೊಗಳುವುದು ಸುಲಭ. ಅದನ್ನು ನೋಡುವುದು ಕಷ್ಟ. ಸಾಹಿತ್ಯದಲ್ಲಿ ನಾವು ಈ ಕಷ್ಟವನ್ನು ಚೆನ್ನಾಗಿ ಬಲ್ಲೆವು. ಪ್ರಶಸ್ತಿ ಬಂದ ಕಾದಂಬರಿಯ ಹೆಸರು ಎಲ್ಲರ ಬಾಯಲ್ಲಿ, ಕಾದಂಬರಿ ಕೆಲವರ ಕೈಯಲ್ಲಿ. ವನ್ಯಜೀವಿಗಳ ಛಾಯಾಚಿತ್ರಕ್ಕೆ ಈ ಗತಿ ಬರಲಾರದೆಂದು ತೋರಬಹುದು. ಚಿತ್ರ ನೋಡಲು ಒಂದು ಕ್ಷಣ ಸಾಕಲ್ಲವೇ? ಆದರೆ ಕ್ಷಣ ಸಾಕೆಂಬ ಈ ನಂಬಿಕೆಯೇ ಅದಕ್ಕೆ ಕುತ್ತು.

ಲಂಡನ್ನಿನ ನ್ಯಾಚುರಲ್ ಹಿಸ್ಟರಿ ಮ್ಯೂಸಿಯಂ ಪ್ರತಿವರ್ಷ ವನ್ಯಜೀವಿ ಛಾಯಾಗ್ರಹಣದ ಸ್ಪರ್ಧೆಯೊಂದನ್ನು ನಡೆಸುತ್ತದೆ. 2021ರಲ್ಲಿ ಅದಕ್ಕೆ 95 ದೇಶಗಳಿಂದ 50,000ಕ್ಕೂ ಹೆಚ್ಚು ಚಿತ್ರಗಳು ಬಂದಿದ್ದವು. ಕಿರಿಯರ ವಿಭಾಗದ ಪರಮ ಗೌರವ ದೊರೆತದ್ದು ಬೆಂಗಳೂರಿನ ಹತ್ತು ವರ್ಷದ ಬಾಲಕ ವಿದ್ಯುನ್ ಆರ್. ಹೆಬ್ಬಾರನಿಗೆ. ಚಿತ್ರದ ಹೆಸರು 'ಡೋಮ್ ಹೋಮ್'. 'ಗುಮ್ಮಟದ ಮನೆ' ಎನ್ನೋಣ. ವಿಹಾರೋದ್ಯಾನವೊಂದರ ಗೋಡೆಯ ಸಂದಿನಲ್ಲಿ ಒಂದು ಬಲೆ, ಅದರಲ್ಲಿ ಒಂದು ಪುಟ್ಟ ಜೇಡ, ಹಿಂದುಗಡೆ ಹಾದುಹೋಗುತ್ತಿರುವ ಆಟೋರಿಕ್ಷಾ ಚೆಲ್ಲಿದ ಮಳೆಬಿಲ್ಲಿನಂಥ ಬಣ್ಣಗಳು. ಹುಲಿಯಿಲ್ಲ, ಆನೆಯಿಲ್ಲ, ಕಾಡೂ ಇಲ್ಲ.

ನಾನು ಕನ್ನಡ ಪಾಠ ಹೇಳುವುದು ವೈಟ್‌ಫೀಲ್ಡ್ ಕಡೆಯ ಒಂದು ಕಾಲೇಜಿನಲ್ಲಿ. ಈ ಚಿತ್ರವನ್ನು ತರಗತಿಯಲ್ಲಿಯೂ ಅಧ್ಯಾಪಕರ ಕೋಣೆಯಲ್ಲಿಯೂ ತೋರಿಸಿ ಅಭಿಪ್ರಾಯ ಕೇಳಿದ್ದುಂಟು. ಬಂದ ಮಾತುಗಳು ಮೂರು ಬಗೆಯವು. 'ಎಷ್ಟು ಚೆನ್ನಾಗಿದೆ!' ಎಂಬುದು ಮೊದಲನೆಯದು. 'ಕ್ಯಾಮೆರಾ ಬಹಳ ದುಬಾರಿಯದಿರಬೇಕು' ಎಂಬುದು ಎರಡನೆಯದು. 'ಸರಿಯಾದ ಹೊತ್ತಿಗೆ ಆಟೋ ಬಂತು, ಹುಡುಗನ ಅದೃಷ್ಟ' ಎಂಬುದು ಮೂರನೆಯದು. ಮೊದಲನೆಯದು ಮೆಚ್ಚುಗೆ, ಉಳಿದೆರಡು ಸಂಶಯ. ಆದರೆ ಮೂರಕ್ಕೂ ಸಮಾನವಾದುದೊಂದುಂಟು: ಯಾವುದರಲ್ಲಿಯೂ ಜೇಡನಿಲ್ಲ.

ಇದ್ದದ್ದನ್ನು ಇದ್ದಂತೆ ಹಿಡಿದರೆ ಅದರಲ್ಲಿ ಕಲೆ ಎಲ್ಲಿಯದು ಎಂಬ ಸಂಶಯ ಹೊಸದಲ್ಲ. ನಮ್ಮ ಅಲಂಕಾರಶಾಸ್ತ್ರದಲ್ಲಿ ಸ್ವಭಾವೋಕ್ತಿಯ ಸುತ್ತ ಇದೇ ವಾದ ನಡೆದಿದೆ. ದಂಡಿಯು ಅಲಂಕಾರಗಳ ಸಾಲಿನಲ್ಲಿ ಅದಕ್ಕೆ ಮೊದಲ ಸ್ಥಾನ ಕೊಟ್ಟನು. ಕುಂತಕನು ಒಪ್ಪಲಿಲ್ಲ, ವಸ್ತುವಿನ ಸ್ವಭಾವವೇ ಅಲಂಕಾರವಾದರೆ ಅಲಂಕರಿಸಬೇಕಾದುದು ಇನ್ನೇನು ಉಳಿಯಿತೆಂದು ಕೇಳಿದನು. ಕ್ಯಾಮೆರಾದ ವಿಷಯದಲ್ಲಿ ನಾನು ದಂಡಿಯ ಪಕ್ಷ. ಸ್ವಭಾವವೆಂಬುದು ಎಲ್ಲರ ಕಣ್ಣಿಗೂ ತಾನಾಗಿ ಬೀಳುವ ವಸ್ತುವಲ್ಲ. ಆ ಗೋಡೆಯ ಬಳಿ ಎಷ್ಟು ಜನ ಸುಳಿದಾಡಿದ್ದಾರೋ! ಬಲೆ ಅಲ್ಲಿಯೇ ಇತ್ತು. ಅದನ್ನು ಕಂಡು, ನಮಗೆ ಕಾಣಿಸಿದ್ದೇ ಇಲ್ಲಿಯ ಉಕ್ತಿ.

ಹಾಗಾದರೆ ಅಲ್ಲಿ ಕಾಣುವುದೇನು? ಗುಡಾರ ಕಟ್ಟುವ ಜಾತಿಯ ಈ ಜೇಡ ಕಾಲು ಚಾಚಿದರೂ 15 ಮಿಲಿಮೀಟರು ತುಂಬುವುದಿಲ್ಲ. ಇದರ ಎಳೆಗೆ ಅಂಟಿಲ್ಲ. ಚೌಕ ಕಣ್ಣುಗಳ ಗುಮ್ಮಟವೊಂದನ್ನು ನೆಯ್ದು, ಸುತ್ತಲೂ ಸಿಕ್ಕುಸಿಕ್ಕಾದ ಎಳೆಗಳನ್ನು ಹರಡಿ, ಬಂದ ಹುಳು ತಪ್ಪಿಸಿಕೊಳ್ಳದಂತೆ ಮಾಡುತ್ತದೆ. ದಿನವೂ ಹೊಸ ಬಲೆ ಕಟ್ಟುವುದಿಲ್ಲ. ಇದ್ದ ಮನೆಯನ್ನೇ ದುರಸ್ತಿ ಮಾಡಿಕೊಂಡು ಬಾಳುತ್ತದೆ. ವಾಹನ ಹಾದುಹೋದಾಗಲೆಲ್ಲ ಬಲೆ ನಡುಗುತ್ತಿದ್ದುದರಿಂದ ಫೋಕಸ್ ಹಿಡಿಯುವುದೇ ಕಷ್ಟವಾಯಿತೆಂದು ಬಾಲಕನೇ ತಿಳಿಸಿದ್ದಾನೆ. ನನ್ನ ಮಟ್ಟಿಗೆ ಚಿತ್ರದ ಕೀಲಿ ಇದು. ಮನೆಗೆ ಬಣ್ಣ ತಂದುಕೊಟ್ಟ ರಸ್ತೆಯೇ ಮನೆಯನ್ನು ನಡುಗಿಸುವ ರಸ್ತೆ. ಪೀಣ್ಯದ ಲಾರಿಗಳ ಓಡಾಟಕ್ಕೆ ಕಿಟಕಿಯ ಗಾಜು ಅದುರುವ ಮನೆಗಳಲ್ಲಿ ಇರುವವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಒಂದು ಕೊರತೆಯನ್ನೂ ಹೇಳಬೇಕು: ಆ ನಡುಕ ಚಿತ್ರದೊಳಗೆ ಇಲ್ಲ, ಜೊತೆಗಿನ ಮಾತಿನಲ್ಲಿದೆ. ಬಣ್ಣದ ಸೊಗಸು ನಮ್ಮನ್ನು ಬಹು ಬೇಗ ಒಲಿಸಿಕೊಂಡು ಕಳುಹಿಸಿಬಿಡುತ್ತದೆ.

ಸ್ವಭಾವೋಕ್ತಿಗೆ ಒಂದು ಕಟ್ಟಳೆಯುಂಟು, ಅದು ಸುಳ್ಳಾಗಕೂಡದು. ಕವಿ ಇಲ್ಲದ ಹಂಸವನ್ನು ಕೊಳದಲ್ಲಿ ತೇಲಿಸಬಹುದು. ಈ ಕಲೆಗೆ ಆ ಸ್ವಾತಂತ್ರ್ಯವಿಲ್ಲ. ಇದೇ ಸ್ಪರ್ಧೆಯಲ್ಲಿ 2017ರಲ್ಲಿ ಗೆದ್ದ ಬ್ರೆಜಿಲಿನ ಚಿತ್ರವೊಂದರಲ್ಲಿ ಇರುಳಲ್ಲಿ ಮಿನುಗುವ ಗೆದ್ದಲ ಹುತ್ತದೆದುರು ಇರುವೆಭಕ್ಷಕ ಪ್ರಾಣಿಯೊಂದು ನಿಂತಿತ್ತು. ಅದು ಹುಲ್ಲು ತುಂಬಿದ ತೊಗಲಿನ ಬೊಂಬೆಯೆಂದು ತಜ್ಞರು ನಿರ್ಣಯಿಸಿದರು. ಛಾಯಾಗ್ರಾಹಕರು ಅಲ್ಲಗಳೆದರೂ 2018ರ ಏಪ್ರಿಲಿನಲ್ಲಿ ಬಹುಮಾನ ರದ್ದಾಯಿತು. ಚಿತ್ರದಲ್ಲಿ ಒಂದು ಗೆರೆಯೂ ಬದಲಾಗಲಿಲ್ಲ. ನೋಡುವವರ ರಸವೆಲ್ಲ ಬತ್ತಿಹೋಯಿತು.

ಇನ್ನೊಂದು ಚಿತ್ರ ಬೇರೆ ಬಗೆಯ ಪ್ರಶ್ನೆಯನ್ನೆತ್ತುತ್ತದೆ. 2016ರಲ್ಲಿ ಬೆಂಗಳೂರಿನವರೇ ಆದ ಗಣೇಶ್ ಎಚ್. ಶಂಕರ್ ಅದೇ ಸ್ಪರ್ಧೆಯ ಪಕ್ಷಿಗಳ ವಿಭಾಗದಲ್ಲಿ ಗೆದ್ದರು. ಭರತಪುರದ ಕೇವಲಾದೇವ್ ಉದ್ಯಾನದಲ್ಲಿ ತಮ್ಮ ಪೊಟರೆಯನ್ನು ಹೊಕ್ಕ ಉಡದ ಬಾಲವನ್ನು ಗಿಳಿಗಳು ಕಚ್ಚಿ ಎಳೆಯುವ ಚಿತ್ರ ಅದು. ಅದಕ್ಕೆ ಅವರಿಟ್ಟ ಹೆಸರು 'ಎವಿಕ್ಷನ್ ಅಟೆಂಪ್ಟ್', ಎಂದರೆ ಒಕ್ಕಲೆಬ್ಬಿಸುವ ಯತ್ನ. ಬಾಡಿಗೆ ಮನೆಯ ಪಾಡನ್ನು ಬಲ್ಲ ನನ್ನ ವಿದ್ಯಾರ್ಥಿಗಳು ಹೆಸರು ಕೇಳಿಯೇ ನಕ್ಕರು. ಚಿತ್ರದ ಕ್ಷಣ ಅಪೂರ್ವ. ಆದರೆ ಹೆಸರು ನಾವು ನೋಡುವ ಮೊದಲೇ ತೀರ್ಪು ಕೊಟ್ಟುಬಿಡುತ್ತದೆ. ಉಡಕ್ಕೂ ಒಂದು ಪೊಟರೆ ಬೇಕಲ್ಲವೇ?

ಈ ಪ್ರಶ್ನೆ ಭರತಪುರದಲ್ಲಿಯೇ ಉಳಿಯುವುದಿಲ್ಲ. 2016ರ ಫೆಬ್ರವರಿಯಲ್ಲಿ ಕುಂದಲಹಳ್ಳಿಯ ಶಾಲೆಯೊಂದಕ್ಕೆ ಚಿರತೆ ನುಗ್ಗಿ, ಹಿಡಿಯಲು ಹೋದವರನ್ನು ಗಾಯಗೊಳಿಸಿತು. 2023ರಲ್ಲಿ ಎಲೆಕ್ಟ್ರಾನಿಕ್ ಸಿಟಿಗೆ ಹೋಗುವ ದಾರಿಯ ಕೂಡ್ಲು, ಸಿಂಗಸಂದ್ರದ ಕಡೆ ಇನ್ನೊಂದು ಚಿರತೆ ಕಾಣಿಸಿಕೊಂಡು, ಸೆರೆಹಿಡಿಯುವ ಕಾರ್ಯಾಚರಣೆಯಲ್ಲಿ ಗುಂಡೇಟು ತಿಂದು ನವೆಂಬರ್ 1ರಂದು ಸತ್ತಿತು. ಕಾವಲು ಕ್ಯಾಮೆರಾ ಹಿಡಿದ ಅದರ ಮಸುಕು ಚಿತ್ರಗಳನ್ನು ನೋಡಿ ಜನ ಬಾಗಿಲು ಹಾಕಿಕೊಂಡರು. ಆ ಭಯ ತಪ್ಪಲ್ಲ. ಮಕ್ಕಳಿರುವ ಮನೆಯಲ್ಲಿ ಅದು ಸಹಜ. ಕಬಿನಿಯ ಮರದ ಮೇಲೆ ಕುಳಿತ ಚಿರತೆಯ ಚಿತ್ರವನ್ನು ಗೋಡೆಗೆ ತೂಗುಹಾಕುವವರೂ ನಾವೇ. ನಮ್ಮ ಮೆಚ್ಚುಗೆಗೆ ಇನ್ನೂರು ಕಿಲೋಮೀಟರು ದೂರ ಬೇಕೆಂದಾದರೆ, ಅದು ಪ್ರಾಣಿಯ ಮೇಲಿನ ಮೆಚ್ಚುಗೆಯೋ, ದೂರದ ಮೇಲಿನದೋ?

ಬಾಲಕನ ಚಿತ್ರದ ನಿಜವಾದ ಹೆಚ್ಚಳವಿರುವುದು ಇಲ್ಲಿ. ಅದು ನಮಗೆ ಆ ದೂರವನ್ನು ಕೊಡುವುದಿಲ್ಲ. ಜೇಡನಿಂದ ನಮಗೆ ಅಪಾಯವಿಲ್ಲ. ನಮ್ಮ ಪೊರಕೆಯಿಂದ ಅದಕ್ಕೆ ಇದೆ. ಆ ಚಿತ್ರವನ್ನು ಮೆಚ್ಚಿದವರು ತಮ್ಮ ಕಾಂಪೌಂಡಿನ ಗೋಡೆಯನ್ನು ಒಮ್ಮೆ ನೋಡಿ ಬರಲಿ. ಹಬ್ಬಕ್ಕೆ ಮುನ್ನ ಮನೆಯೊಳಗಿನ ಬಲೆ ತೆಗೆಯುವುದು ಸರಿಯೇ. ಹೊರಗೋಡೆಯ ಸಂದಿನಲ್ಲಿರುವುದನ್ನು ಬಿಟ್ಟರೆ ನಷ್ಟವೇನು?