ಗೋಡೆಯನ್ನು ಮೂಲೆಯಿಂದ ಓದುವುದು

ಕಳೆದ ತಿಂಗಳು ಎಲೆಕ್ಟ್ರಾನಿಕ್ ಸಿಟಿಯ ಕ್ಯಾಂಪಸ್ಸೊಂದರಲ್ಲಿ ಗೆಳತಿಗಾಗಿ ಕಾಯುತ್ತಾ ತೋಟದ ಗೋಡೆಯ ಮುಂದೆ ಅರ್ಧ ಗಂಟೆ ನಿಂತಿದ್ದೆ. ದೂರದಿಂದ ನೋಡಿದರೆ ಕೈಯಿಂದ ಪೇರಿಸಿದ ಕಾಡುಗಲ್ಲಿನ ಗೋಡೆ. ಮೂಲೆಗೆ ಹೋದರೆ ಗುಟ್ಟು ರಟ್ಟು: ಕಲ್ಲು ಒಂದಿಂಚು ದಪ್ಪ, ಹಿಂದೆಲ್ಲ ಕಾಂಕ್ರೀಟ್. ನಾಲ್ಕು ಹೆಜ್ಜೆಗೊಮ್ಮೆ ಅದೇ ಉದ್ದಗಲ್ಲು, ಅದರ ಪಕ್ಕ ಅದೇ ಗಿಡ್ಡಗಲ್ಲು ಮರಳಿ ಬರುತ್ತಿದ್ದವು. ಅಂಕುಡೊಂಕೂ ಅಚ್ಚಿನಲ್ಲಿ ತಯಾರಾಗಿತ್ತು.

ಕಲ್ಲಿನ ಹೊದಿಕೆಯೇ ತಪ್ಪು ಎನ್ನುವ ಮಡಿವಂತಿಕೆ ನನಗಿಲ್ಲ. ನನ್ನ ತಕರಾರು ಬೇರೆ: ಈ ಗೋಡೆಯಲ್ಲಿ ಯಾರೂ ಏನನ್ನೂ ನಿರ್ಧರಿಸಿಲ್ಲ. ನಿಜವಾದ ಕಲ್ಲುಗೋಡೆಯಲ್ಲಿ ಪ್ರತಿ ಕಲ್ಲೂ ಒಂದು ತೀರ್ಮಾನ. ದೊಡ್ಡವು ತಳಕ್ಕೆ, ಕೆಳಗಿನ ಸಂದಿನ ಮೇಲೆ ಮತ್ತೆ ಸಂದು ಬರಕೂಡದು, ಅಲ್ಲಲ್ಲಿ ಎರಡೂ ಮುಖಗಳನ್ನು ಹಿಡಿದಿಡುವ ಉದ್ದಗಲ್ಲು, ಸಡಿಲಿದ್ದಲ್ಲಿ ಚಕ್ಕೆ. ಮೇಲೇರಿದಂತೆ ಗೋಡೆ ತುಸು ಒಳಕ್ಕೆ ವಾಲಬೇಕು. ಮಣ್ಣು ತಡೆಯುವ ಗೋಡೆಯಾದರೆ ನೀರಿಗೆ ದಾರಿ ಬಿಡಲೇಬೇಕು; ಇಲ್ಲದಿದ್ದರೆ ಮಳೆಗಾಲದಲ್ಲಿ ಹಿಂದೆ ನಿಂತ ನೀರೇ ಅದನ್ನು ಹೊಟ್ಟೆಯುಬ್ಬಿಸಿ ಕೆಡವುತ್ತದೆ. ನಮ್ಮ ಬೂದುಗಲ್ಲು ಒಂದು ಘನ ಅಡಿಗೆ ಸುಮಾರು 75 ಕಿಲೋ ತೂಗುತ್ತದೆ. ಎತ್ತಿ ಇಟ್ಟದ್ದನ್ನು ಮತ್ತೆ ತೆಗೆಯುವ ಮನಸ್ಸು ಯಾರಿಗಿದ್ದೀತು? ಹಾಗಾಗಿ ಕಟ್ಟುವವರು ಎತ್ತುವ ಮೊದಲೇ ಯೋಚಿಸುತ್ತಾರೆ. (ಪ್ರಬಂಧದ ಅಧ್ಯಾಯವನ್ನು ಏಳು ಸಲ ಅಳಿಸಿ ಬರೆದ ನನಗೆ ಇದು ಹೊಟ್ಟೆಕಿಚ್ಚಿನ ವಿಷಯ.)

ಅಲ್ಲಿಂದ ಬೇಗೂರಿನ ಕಡೆಗೆ ಹೊರಟೆ. ಬೆಂಗಳೂರಿನ ಕಾಳಗವನ್ನು ಹೆಸರಿಸುವ, ಸುಮಾರು ಕ್ರಿ.ಶ. 890ರ ವೀರಗಲ್ಲು ಸಿಕ್ಕಿದ ಊರು ಅದು. ದಾರಿಯಲ್ಲಿ ಇನ್ನೂ ಮಾರಾಟವಾಗದ ಸೈಟುಗಳ ಸುತ್ತ ಚಪ್ಪಡಿಕಲ್ಲಿನ ಬೇಲಿ: ಆಳೆತ್ತರದ ಚಪ್ಪಡಿಗಳನ್ನು ಸಾಲಾಗಿ ನೆಟ್ಟಿದ್ದಾರೆ, ಅಷ್ಟೇ. ಅಂಚಿನಲ್ಲಿ ಉಳಿಯಿಂದ ಕೊರೆದು ಬೆಣೆ ಹೊಡೆದ ಗುರುತುಗಳು, ಹಲ್ಲಿನ ಸಾಲಿನಂತೆ. ಇದನ್ನು ಯಾರೂ ‘ಹ್ಯಾಂಡ್‌ಕ್ರಾಫ್ಟೆಡ್’ ಎನ್ನುವುದಿಲ್ಲ. ಆ ಮಾತು ಬ್ರೋಷರಿನಲ್ಲಿ ಸಲ್ಲುವುದು ಒಂದಿಂಚಿನ ಹೊದಿಕೆಗೆ.

ಆದರೆ ಚಪ್ಪಡಿಯನ್ನು ಹಾಡಿ ಹೊಗಳುವುದೂ ನನ್ನಂಥವರಿಗೆ ಸುಲಭದ ಕೆಲಸ. ಕ್ವಾರಿಯ ದೂಳು ಶ್ವಾಸಕೋಶಕ್ಕಿಳಿದು ಸಿಲಿಕೋಸಿಸ್ ಆಗುವುದು ಬರೆಯುವವರಿಗಲ್ಲ. ಭೋವಿ ಸಮುದಾಯದ ಎಷ್ಟೋ ಮನೆಗಳಲ್ಲಿ ಮುಂದಿನ ತಲೆಮಾರಿಗೆ ಈ ಕಸುಬು ಬೇಡವಾದರೆ ಅದನ್ನು ‘ಪರಂಪರೆಯ ನಾಶ’ ಎಂದು ಕೊರಗುವ ಹಕ್ಕು ನನಗಿಲ್ಲ. ಯುನೆಸ್ಕೊ 2018ರಲ್ಲಿ ಯುರೋಪಿನ ಎಂಟು ದೇಶಗಳ ಒಣಗಲ್ಲಿನ ಕಟ್ಟಡಕಲೆಯನ್ನು ತನ್ನ ಪಟ್ಟಿಗೆ ಸೇರಿಸಿತು. ಮನ್ನಣೆ ಸಿಕ್ಕಿದ್ದು ಗೋಡೆಗಳಿಗಲ್ಲ, ಕಟ್ಟುವವರ ಜ್ಞಾನಕ್ಕೆ. ನಮ್ಮಲ್ಲಿ ಇದು ತಲೆಕೆಳಗು: ಕಲ್ಲಿನ ನೋಟಕ್ಕೆ ಬೆಲೆ ಇದೆ, ಕಲ್ಲು ಬಲ್ಲವರಿಗೆ ದಿನಗೂಲಿ.

ಸಂಜೆ ಗೆಳತಿ ಕ್ಯಾಂಪಸ್ಸಿನ ಹಿಂಬದಿ ತೋರಿಸಿದಳು. ಅತಿಥಿಗಳು ಬಾರದ ಆ ಜಾಗದಲ್ಲಿ, ಚರಂಡಿಯ ಪಕ್ಕದ ಇಳಿಜಾರು ಕುಸಿಯದಂತೆ ಸೈಜುಗಲ್ಲಿನ ಗೋಡೆಯೊಂದಿತ್ತು. ಮೂಲೆ ನೋಡಿದೆ. ಕಲ್ಲುಗಳು ಒಂದು ಬಿಟ್ಟು ಒಂದು ಎರಡೂ ಕಡೆಗೆ ಚಾಚಿ ಹೆಣೆದುಕೊಂಡಿದ್ದವು. ಕೆಳಗಿನ ತೂತುಗಳಿಂದ ನಿನ್ನೆಯ ಮಳೆ ಇನ್ನೂ ತೊಟ್ಟಿಕ್ಕುತ್ತಿತ್ತು.